ಗುರುಪಾದಪ್ಪನ ತೈಲದಿಗ್ವಿಜಯ

ಪಾತಾಳಗರ್ಭದಲ್ಲಿ ಕೋಟಿವರ್ಷ ಕೊಳೆತು ಕೃಷ್ಣವರ್ಣವನ್ನು ತಳೆದವಳೇ, ಪೀಪಾಯಿವಾಹನೆಯೇ, ಸಕಲಚಕ್ರಚಾಲಿನಿಯೇ, ಹೇ ತೈಲದೇವಿ! ನನ್ನ ನಾಲಗೆಗೆ ಒಂದು ತೊಟ್ಟು ಸವರು, ಕಥೆ ಕಿರುಗುಟ್ಟದೆ ಓಡಲಿ.

ಗೂಳಿಯೂ ಕರಡಿಯೂ ಕಾಡು ತೊರೆದು ಷೇರುಪೇಟೆಯಲ್ಲಿ ಗುದ್ದಾಡುತ್ತಿದ್ದ ಈ ಕಲಿಯುಗದಲ್ಲಿ, ಗದಗಪುರದ ಅಧೀಶ್ವರನಲ್ಲದಿದ್ದರೂ ಅಲ್ಲಿನ ಬಟ್ಟೆ ಅಂಗಡಿಯೊಂದರ ಅಧೀಶ್ವರನಾದ, ಗಜಕೋಲುಗದಾಧರನೂ ಸಂಧ್ಯಾಸಮಯದೂರದರ್ಶನಸಿಂಹಾಸನಾರೂಢನೂ ಆದ ಗುರುಪಾದಪ್ಪನೆಂಬ ಮಹಾವೀರನಿದ್ದನು. ದಿನವೂ ಸಂಜೆ ರಿಮೋಟೆಂಬ ರಾಜದಂಡವನ್ನು ಹಿಡಿದು ಪೇಟೆಯ ವಾರ್ತೆಯನ್ನೇ ನೋಡುವುದು, ಊಟಕ್ಕೆ ಕುಳಿತು ತೈಲಕಂಪನಿಯ ಷೇರು ಎಷ್ಟು ಅಗ್ಗವೆಂದು ಸಾರುವುದು, ಆದರೆ ಕೊಳ್ಳದಿರುವುದು, ಇದು ಅವನ ವ್ರತ. ಮೂರು ದೀಪಾವಳಿ ಹೀಗೇ ಕಳೆಯಲು, ಧರ್ಮಪತ್ನಿ ಶಿವಲೀಲವ್ವ ಶಾಸನ ಹೊರಡಿಸಿದಳು:

“ಇವತ್ತ ಲಕ್ಷ್ಮೀಪೂಜಿ. ತಗೋಳೂದಿದ್ರ ತಗೋರಿ. ಇಲ್ಲಾಂದ್ರ ಇನ್ನಮ್ಯಾಲೆ ಎಣ್ಣಿ ಮಾತು ಬಂದ್, ಟಿವಿ ನಂದು.”

ಅಂದು ಷೇರುಪೇಟೆ ಶುಭಮುಹೂರ್ತಕ್ಕೆಂದು ಸಂಜೆ ಒಂದೇ ಗಂಟೆ ತೆರೆಯುವುದು. ಆ ಪುಣ್ಯಕಾಲದಲ್ಲಿ ಪ್ರತಿವೀರನೂ ಬಂದಿಳಿದನು: ಶಿವಲೀಲವ್ವನ ತಮ್ಮ, ಬ್ಯಾಟರಿ ಸ್ಕೂಟರುಗಳ ಮಾರಾಟಗಾರ, ವಿದ್ಯುದ್ವಾಹನವಿಕ್ರಯವಿಕ್ರಮನಾದ ಅಜ್ಜಣ್ಣ.

“ಮಾವಾ, ಹತ್ತು ವರ್ಷ ತಡೀರಿ, ಪೆಟ್ರೋಲ್ ಬಂಕಿನ್ಯಾಗ ಮಿರ್ಚಿ ಕರೀತಾರ!”

“ಕರಿಯಾಕೂ ಎಣ್ಣಿನ ಬೇಕಲೇ!” ಎಂದು ಗುರುಪಾದಪ್ಪನು ಗರ್ಜಿಸಿದನು. “ವಿಮಾನ ಏನು ನಿನ್ನ ಬ್ಯಾಟರಿ ಮ್ಯಾಲೆ ಹಾರತಾವ? ರಸ್ತೇದ ಡಾಂಬರು, ಬಚ್ಚಲದಾಗಿನ ಪ್ಲಾಸ್ಟಿಕ್ ಕೊಡ, ನಿನ್ನ ಸ್ಕೂಟರಿನ ಸೀಟು, ಎಲ್ಲಾ ಭೂಮಿ ಎಣ್ಣಿಯಿಂದ ಬಂದದ್ದು. ಬೇಡಿಕಿ ಏರತದ! ಕಂಪನಿ ಆಸ್ತಿ ನೋಡಿದ್ರ ಷೇರಿನ ರೇಟು ಅದರ ಅರ್ಧ ಇಲ್ಲ!”

“ಸಂತ್ಯಾಗ ಸಂಜಿಮುಂದ ಬದನಿಕಾಯಿನೂ ಅಗ್ಗ ಸಿಗತಾವ ಮಾವಾ. ಒಳಗ ಹುಳ ಇರತಾವ.”

ಈ ಬದನಾಸ್ತ್ರವು ಎದೆಗೆ ನಾಟಲು, ವೀರನು ರೋಷಾರುಣಲೋಚನನಾಗಿ ಷೇರು ಕೊಳ್ಳಲು ತನಗಿದ್ದ ಏಕೈಕ ಆಯುಧವಾದ ಫೋನನ್ನು ಒರೆಯಿಂದ ಸೆಳೆದನು. ಆದರೆ ವ್ಯಾಪಾರಿಯ ಮಗನಲ್ಲವೇ! ದೇವಿಯ ಮುಂದಿಟ್ಟು ಪೂಜಿಸದ ಆಯುಧದಿಂದ ವ್ಯಾಪಾರ ಆರಂಭಿಸುವುದುಂಟೇ? ಗಜಕೋಲು, ಕತ್ತರಿ, ಗಲ್ಲಾಪೆಟ್ಟಿಗೆಗಳ ಸಾಲಿನಲ್ಲಿ ಫೋನನ್ನಿಟ್ಟು, ಅರಿಶಿನ ಕುಂಕುಮವೇರಿಸಿ, ಚೆಂಡುಹೂವು ಮುಡಿಸಿದನು. ಶಿವಲೀಲವ್ವ ಆರತಿಯೆತ್ತಿದಳು. ಗಂಟೆ ಮೊಳಗಿತು. ವೀರನು ಮಂತ್ರಪೂತವಾದ ಅಸ್ತ್ರಕ್ಕೆ ಕೈ ಚಾಚಿದನು.

“ಹಾಂ ಹಾಂ! ಮುಟ್ಟಬ್ಯಾಡ್ರಿ!” ಎಂದು ಶಿವಲೀಲವ್ವನ ಸಿಡಿಲೆರಗಿತು. “ಪೂಜಿಗೆ ಇಟ್ಟದ್ದು ನಾಳೆ ಮುಂಜಾನಿ ಲಕ್ಷ್ಮೀನ ಕದಲಿಸೂತನಾ ತಗೀತಾರೇನು?”

“ಏ, ಅದು ಫೋನು…”

“ಹೋದ ವರ್ಷ ನನ್ನ ಕತ್ತರಿಗೆ ಏನಂದ್ರಿ? ಲಕ್ಷ್ಮಿ ಎದ್ದು ಹೋಗತಾಳ ಅಂದ್ರಿ. ರವಿಕಿ ಅರ್ಧಕ್ಕ ಬಿಟ್ಟು ಕುಂತೆ ನಾನು.”

ಸ್ವನಿರ್ಮಿತಧರ್ಮಪಾಶಬದ್ಧನಾದ ವೀರನು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡನು.

“ನನ್ನ ಫೋನ್ ಕೊಡಲೇನ ಮಾವಾ?” ಎಂದು ಅಜ್ಜಣ್ಣ ಕರುಣೆಯಿಂದ ಕೇಳಿದನು.

“ಓಟಿಪಿ ಅದಕ್ಕ ಬರತದಲೇ!” ಎಂದು ವೀರನು ದೇವಿಯ ಪಾದದೆಡೆಗೆ ಬೆರಳು ತೋರಿ ನಿಟ್ಟುಸಿರಿಟ್ಟನು.

ಹೂವಿನಡಿಯಲ್ಲಿ ಫೋನು ಗುಂಯ್ ಎಂದಿತು, ಪೇಟೆಯ ಸಮಾಚಾರವಿರಬೇಕು. ಮತ್ತೊಮ್ಮೆ ಗುಂಯ್ ಎಂದಿತು. ಅತ್ತ ಖಂಡಖಂಡಾಂತರಗಳಲ್ಲಿ ತೈಲನೌಕೆಗಳು ತೇಲುತ್ತಿರಲು, ಇತ್ತ ಮೂವರೂ ಚಕ್ಕಲಿ ತಿನ್ನುತ್ತ ಗಡಿಯಾರ ನೋಡುತ್ತಿರಲು, ಮುಹೂರ್ತವು ಮುಗಿದುಹೋಯಿತು.

ಗಂಡನ ಮುಖ ಕಂಡು ಶಿವಲೀಲವ್ವನಿಗೆ ತುಸು ಕನಿಕರವಾಯಿತು. “ಅಲ್ರೀ, ಅಷ್ಟಕ್ಕೂ ಎಷ್ಟು ಷೇರು ತಗೋಳವ್ರಿದ್ರಿ?”

ತ್ರೈಲೋಕ್ಯತೈಲತತ್ತ್ವಜ್ಞನು ಚಕ್ಕಲಿಯ ಚೂರೊಂದನ್ನು ಧೋತರದಿಂದ ಕೊಡವಿದನು.

“ಒಂದು.”

“ಒಂದ?” ಎಂದರು ಅಕ್ಕ ತಮ್ಮ ಇಬ್ಬರೂ.

“ಮೊದಲನೇ ಸಲ ಅಲ್ಲೇನು… ಸ್ಯಾಂಪಲ್ಲಿಗೆ.”

ಶಿವಲೀಲವ್ವ ರಿಮೋಟನ್ನೆತ್ತಿ ಧಾರಾವಾಹಿ ಹಚ್ಚಿದಳು. ಪದಚ್ಯುತ ಮಹಾವೀರನು ಮುಖ ತಿರುಗಿಸಿಕೊಂಡು ಕುಳಿತನು. ಜಾಹೀರಾತು ಬಂದಾಗ ಮೆಲ್ಲಗೆ ಕೇಳಿದನು:

“ಆ ಅಳೂ ಹುಡುಗಿ ಯಾರ?”