ಅಪ್ಪನಿಗೊಬ್ಬ ಗಾರ್ಡಿಯನ್

ಯಾರಾದರೂ ಒಂದು ಲೋಟ ಟೀ ಕುಡಿಸಿದರೆ ಸಾಕು, ಉಡಿಗಾಲದ ಚಿಕ್ಕಬಸವಯ್ಯ ಎಂಥಾ ಕಾಗದಕ್ಕೂ ಹೆಬ್ಬೆಟ್ಟು ಒತ್ತಿಬಿಡುತ್ತಿದ್ದ. ಪಾಪ, ಅರಳುಮರಳು. ಇವತ್ತಲ್ಲ ನಾಳೆ ಹೊಲವೂ ಹೀಗೇ ಹೋಗುತ್ತದೆಂದು ಹೆದರಿ, ಗುಂಡ್ಲುಪೇಟೆಯಲ್ಲಿ ಅಟೆಂಡರಾಗಿದ್ದ ಮಗ ಮಹಾಲಿಂಗ, ಅಪ್ಪನ ವ್ಯವಹಾರಕ್ಕೆಲ್ಲ ತನ್ನನ್ನೇ ಗಾರ್ಡಿಯನ್ ಮಾಡಿ ಎಂದು ಚಾಮರಾಜನಗರದ ಕೋರ್ಟಿಗೆ ಅರ್ಜಿ ಹಾಕಿದ.

"ನಿಮ್ಮಪ್ಪನ ಗಡ್ಡ ಬೋಳಿಸಬ್ಯಾಡ ಕಣ್ಲಾ, ಜಡ್ಜು ನೋಡ್ದೇಟ್ಗೇ ಗೊತ್ತಾಗ್ಬೇಕು," ಎಂದು ಪಕ್ಕದ ಮನೆ ಪುಟ್ಟಬಸಪ್ಪ ಬಿಟ್ಟಿ ಬುದ್ಧಿ ಹೇಳಿದ್ದ. ಅವ್ವ ಮಲ್ಲಾಜಮ್ಮ ಕೇಳಬೇಕಲ್ಲ! "ನನ್ ಯಜಮಾನ್ರು ಹುಚ್ಚನಂಗೆ ಕೋರ್ಟಿಗೆ ಓಗದಾ?" ಎಂದು ಕ್ಷೌರ ಮಾಡಿಸಿ, ಮೀಯಿಸಿ, ವಿಭೂತಿ ಎಳೆದು, ಬಿಳೀ ರುಮಾಲು ಸುತ್ತಿಸಿದಳು. ಮುದುಕ ನ್ಯಾಯ ಹೇಳೋಕೆ ಹೊರಟ ಊರ ಯಜಮಾನನ ಹಾಗೆ ಕೋರ್ಟಿಗೆ ಬಂದ.

"ನಮ್ಮಪ್ಪಂಗೆ ಬುದ್ಧಿ ಸ್ವಾಧೀನದಲ್ಲಿಲ್ಲ" ಎಂದು ಅಪ್ಪನೆದುರೇ, ಜೊತೆಗೆ ಬಂದಿದ್ದ ಪುಟ್ಟಬಸಪ್ಪನ ಎದುರೇ ಹೇಳುವಾಗ ಮಹಾಲಿಂಗನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ದೂರದೂರಿನಿಂದ ಹೊಸದಾಗಿ ಬಂದಿದ್ದ ಜಡ್ಜು ಮುದುಕನನ್ನೇ ವಿಚಾರಿಸಿದರು. ಹಳೆಯದೆಲ್ಲ ಅವನ ಬಾಯಲ್ಲೇ ಇತ್ತು! "ಚಿಕ್ಕಬಸವಯ್ಯ, ಬುದ್ಧಿ. ಉಡಿಗಾಲ. ಹೊಲದ ಮೂಡ್ಲಿಗೆ ಕೆರೆ ಏರಿ, ಪಡುವ್ಲಿಗೆ ರಂಗನಾಯಕನ ಜಮೀನು."

"ಇವರು ಯಾರು?"

ಮುದುಕ ಮಹಾಲಿಂಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಕಾಣೆ ಬುದ್ಧಿ. ಒಳ್ಳೆ ಹೈದ. ಬಸ್ನಲ್ಲಿ ಸೀಟು ಬುಟ್ಕೊಟ್ಟ."

ಜಡ್ಜರ ಹುಬ್ಬು ಗಂಟಾಯಿತು. ಮಲ್ಲಾಜಮ್ಮನನ್ನು ಕರೆಸಿದರು.

"ಇವನು ನಿಮ್ಮ ಮಗನಾ?"

"ಊ ಬುದ್ಧಿ, ನನ್ ಮಗನೇ."

"ಹೆಸರು?"

ಮಲ್ಲಾಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅಯ್ಯೋ, ಅದನ್ನ ನಾನೆಂಗೆ ಏಳ್ಲಿ?"

"ಬುದ್ಧಿ, ನಂದು ನಮ್ಮ ತಾತನ ಹೆಸ್ರು, ಮಾವನ ಹೆಸ್ರನ್ನ ನಮ್ಮವ್ವ ಬಾಯಲ್ಲಿ..." ಎಂದು ಮಹಾಲಿಂಗ ಎದ್ದ.

"ಹೇಳಿಕೊಡಬೇಡ! ಹೊಲದ ಗಡಿ ನೆನಪಿರೋನು ಹೆತ್ತ ಮಗನನ್ನ ಮರೀತಾನಾ? ಹೆತ್ತವಳಿಗೆ ಮಗನ ಹೆಸರೇ ಗೊತ್ತಿಲ್ವಾ? ವಯಸ್ಸಾದವರ ಆಸ್ತಿ ಹೊಡೆಯೋಕೆ ಬಂದಿದೀಯ, ನಾಚಿಕೆ ಆಗಲ್ವೇನಯ್ಯ? ಮೊದಲು ಮಗ ಅನ್ನೋದಕ್ಕೆ ದಾಖಲೆ ತಾ. ಅರ್ಜಿ ವಜಾ."

ಕೋರ್ಟಿಗೆ ಕೋರ್ಟೇ ಗೊಳ್ಳೆಂದಿತು. ಪುಟ್ಟಬಸಪ್ಪನಂತೂ ಊರಿಗೆ ಸುದ್ದಿ ಮುಟ್ಟಿಸಲು ಮೊದಲ ಬಸ್ಸಿಗೇ ಓಡಿದ.

ಮಹಾಲಿಂಗ ಹೊರಗೆ ಹೊಂಗೆ ಮರದ ಕೆಳಗೆ ಕುಕ್ಕರಿಸಿ, ಮುಖ ಮುಚ್ಚಿಕೊಂಡು ಬಿಕ್ಕಿದ. ಚಿಕ್ಕಬಸವಯ್ಯ ಮೆಲ್ಲಗೆ ಬಂದು ಅವನ ಬೆನ್ನು ಸವರಿದ.

"ಅಳಬ್ಯಾಡ ಕಣಪ್ಪ. ಆ ದೊಡ್ಡಮನ್ಸ ಸುಮ್ಸುಮ್ನೆ ಬೈದ್ಬುಟ್ಟ. ನೀನು ಯಾರ ಮಗ ಏಳು, ನಾನೇ ಬಂದು ನಿಮ್ಮಪ್ಪಂಗೆ ಸಮಾಧಾನ ಏಳ್ತೀನಿ."