ವಿಳಾಸದ ಮರಕ್ಕೆ ಗಣಪತಿವರೆಗೆ ಗಡುವು

ನಗಬೇಕೋ ಅಳಬೇಕೋ ತಿಳಿಯದ ಪ್ರಸಂಗಗಳು ಬೇರೆಯವರ ಆಫೀಸಿನಲ್ಲಿ ವರ್ಷಕ್ಕೊಂದು ಆಗುತ್ತವಂತೆ. ನಮ್ಮಲ್ಲಿ ಸೋಮವಾರ ಒಂದು ಆದರೆ, ಬುಧವಾರದ ಹೊತ್ತಿಗೆ ಅದನ್ನು ಮರೆಸುವಂಥ ಇನ್ನೊಂದು ಆಗಿರುತ್ತದೆ. ನಾನು ಕೆಲಸ ಮಾಡುವುದು ಪುಣೆ ಪಕ್ಕದ ನಿಗಡಿಯ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ. ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಿಗೆ, ಹೋಟೆಲುಗಳಿಗೆ, ಸೊಸೈಟಿಗಳಿಗೆ ನೆಟ್ ಕೊಡುವವರು ನಾವು. ನೆಟ್ ಹೋದಾಗ ಬೈಸಿಕೊಳ್ಳುವವರೂ ನಾವೇ.

ಬೈಸಿಕೊಳ್ಳುವ ವಿಭಾಗದಲ್ಲಿ ನಾನು ನಾಲ್ಕು ವರ್ಷ ಇದ್ದೆ. ತಲೆಗೆ ಹೆಡ್‌ಫೋನ್ ಏರಿಸಿಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಕ್ಷಮೆ ಕೇಳುವ ಕೆಲಸ. ಅಲ್ಲಿಂದ ಪಾರಾಗಲೆಂದೇ ಪ್ರೋಗ್ರಾಮ್ ಬರೆಯುವುದನ್ನು ಕಲಿತೆ. ಕಲಿತು ಒಂದು ಮರ ಮಾಡಿದೆ.

ಮರ ಅಂದರೆ ಇಷ್ಟೇ. ನೆಟ್ಟಿನಲ್ಲಿರುವ ಪ್ರತಿ ಕಂಪ್ಯೂಟರಿಗೂ ಒಂದು ವಿಳಾಸ ಇರುತ್ತದೆ. ಒಳಗಿಂದ ನೋಡಿದರೆ ಅದು ಸೊನ್ನೆ ಮತ್ತು ಒಂದುಗಳ ಉದ್ದನೆಯ ಸಾಲು. ಬುಡದಿಂದ ಹೊರಟು, ಸೊನ್ನೆ ಬಂದಲ್ಲಿ ಎಡಕ್ಕೆ, ಒಂದು ಬಂದಲ್ಲಿ ಬಲಕ್ಕೆ ತಿರುಗುತ್ತ ಹೋದರೆ ಬೇಕಾದ ವಿಳಾಸ ಸಿಗುತ್ತದೆ. ಕಿತಾಪತಿ ಮಾಡುವ ವಿಳಾಸಗಳನ್ನು ಬಂದ್ ಮಾಡುವುದು ಈ ಮರದ ಕೆಲಸ. ಒಂದು ಕವಲಿಗೆ ಗುರುತು ಹಾಕಿದರೆ ಅದರಾಚೆ ಇರುವವರೆಲ್ಲ ಬಂದ್. ಒಂದೇ ಕಡೆ ಹುಟ್ಟಿದ ಎರಡೂ ಕವಲಿಗೆ ಗುರುತು ಬಿದ್ದರೆ, ಮರವೇ ಆ ಎರಡನ್ನೂ ಅಳಿಸಿ, ಅವು ಹುಟ್ಟಿದ ಜಾಗಕ್ಕೆ ಒಂದೇ ಗುರುತು ಹಾಕಿಕೊಳ್ಳುತ್ತದೆ. ಈ ಕೊನೆಯ ಏರ್ಪಾಡಿನ ಬಗ್ಗೆ ನನಗೆ ಭಾರಿ ಹೆಮ್ಮೆ ಇತ್ತು.

ನಮ್ಮ ಮ್ಯಾನೇಜರ್ ಪುಣೆಯ ಹಳೇ ಪೇಟೆಯವರು. ಮಾತು ಮರಾಠಿ, ಮುಖದಲ್ಲಿ ನಗು ಇಲ್ಲ. ‘ಗಣಪತಿ ಹಬ್ಬದವರೆಗೆ ನಡೆಸಿ ನೋಡೋಣ’ ಎಂದರು. ‘ಮಾಲೀಕರು ಬಂದು ನೋಡುತ್ತಾರೆ. ದೂರು ಕಡಿಮೆ ಆಗಿದ್ದರೆ ಮರ ಇರಲಿ. ಇಲ್ಲದಿದ್ದರೆ ಮರ ತೆಗೆಯೋಣ, ನೀವು ಹೆಡ್‌ಫೋನ್ ಹಾಕಿಕೊಳ್ಳಿ.’

ಅವರು ಹೆಡ್‌ಫೋನ್ ಅಂದ ಕೂಡಲೇ ನಾನು ಸೀಟಿಗೆ ಓಡಿ ಮರದ ಕೆಲಸಕ್ಕೆ ಕೂತೆ.

ನಲವತ್ತು ಪುಟ

ಮರಕ್ಕಿಂತ ಮೊದಲು ಬಂದ್ ಮಾಡಿದ ವಿಳಾಸಗಳ ಒಂದು ಪಟ್ಟಿ ಇತ್ತು. ಮ್ಯಾನೇಜರ್ ಪ್ರತಿ ತಿಂಗಳು ಅದನ್ನು ಪ್ರಿಂಟ್ ತೆಗೆಸಿ ಫೈಲಿಗೆ ಹಾಕಿಸುತ್ತಿದ್ದರು. ಒಟ್ಟು ನಲವತ್ತು ಪುಟ. ಅದನ್ನು ಯಾರೂ ಓದಿದ್ದನ್ನು ನಾನು ನೋಡಿಲ್ಲ, ಆದರೆ ಕೈಗೆ ಭಾರ ಸಿಗುತ್ತಿತ್ತು.

ಆ ಪಟ್ಟಿಯನ್ನೆಲ್ಲ ಮರಕ್ಕೆ ತುಂಬಿದೆ. ಅಕ್ಕಪಕ್ಕದವು ಕೂಡಿಕೊಂಡು, ಕೂಡಿದವು ಮತ್ತೆ ಕೂಡಿಕೊಂಡು, ತಿಂಗಳ ಕೊನೆಗೆ ಪ್ರಿಂಟ್ ತೆಗೆದರೆ ಒಂದೂವರೆ ಪುಟ ಬಂತು. ಶಭಾಷ್ ಅನ್ನುತ್ತಾರೆಂದು ಕಾಯುತ್ತ ನಿಂತೆ. ಮ್ಯಾನೇಜರ್ ಹಾಳೆ ತಿರುಗಿಸಿ ಹಿಂದೆ ನೋಡಿದರು. ಪ್ರಿಂಟರಿನ ಒಳಗೂ ಬಗ್ಗಿ ನೋಡಿದರು.

‘ಉಳಿದದ್ದು?’

‘ಇಷ್ಟೇ ಸರ್. ನಲವತ್ತು ಪುಟದ್ದೆಲ್ಲ ಇದರಲ್ಲೇ ಇದೆ.’

‘ಹಾಗಾದರೆ ಇಡೀ ತಿಂಗಳು ನೀವು ಮಾಡಿದ್ದು ಒಂದೂವರೆ ಪುಟ?’

ಮುಂದಿನ ತಿಂಗಳಿಂದ ಮರವನ್ನು ಬಿಡಿಸಿ ನಲವತ್ತು ಪುಟ ಮಾಡುವ ಇನ್ನೊಂದು ಪ್ರೋಗ್ರಾಮ್ ಬರೆದುಕೊಟ್ಟೆ. ಅದನ್ನು ನೋಡಿ ಮ್ಯಾನೇಜರ್, ಈಗ ನಿಮ್ಮ ಕೆಲಸ ಕಾಣುತ್ತದೆ ಎಂದರು.

ಸಹಕುಟುಂಬ

ಮನೆಯಲ್ಲಿ ಹೆಂಡತಿ ಕೇಳಿದಳು, ‘ದಿನಾ ಮರ ಮರ ಅಂತೀರಿ, ಏನ್ರಿ ಅದು?’

ಹೇಳಿದೆ. ಅವಳು ಬಾಗಲಕೋಟೆಯ ದೊಡ್ಡ ಮನೆತನದವಳು, ಒಂದೇ ಸಲಕ್ಕೆ ಹಿಡಿದಳು. ‘ಅಂದ್ರ ಲಗ್ನ ಪತ್ರಿಕಿ ಮ್ಯಾಲ ಸಹಕುಟುಂಬ ಅಂತ ಬರದಂಗ. ಒಂದು ಮನಿಗೆ ಒಂದು ಮಾತು, ಎಲ್ಲಾರೂ ಬಂದ್ರು.’

‘ಬರೋಬ್ಬರಿ.’

‘ಒಬ್ಬರನ್ನ ಅಷ್ಟ ಬಿಡಬೇಕಂದ್ರ?’

‘ಆವಾಗ ಸಹಕುಟುಂಬ ಅಳಿಸಿ, ಉಳದವರನ್ನ ಬಿಡಿಬಿಡಿಯಾಗಿ ಬರೀಬೇಕಾಗ್ತದ. ಮರಾನೂ ಹಂಗ ಮಾಡ್ತದ.’

ಅವಳು ‘ಹೌದಾ’ ಎಂದು ಪೆನ್ನು ಹುಡುಕತೊಡಗಿದಳು. ಆ ಪೆನ್ನಿಗೆ ನಾನು ಹೆದರಬೇಕಿತ್ತು.

ಮುಂದಿನ ವಾರ ಬಸುರಿ ತಂಗಿಯ ಕುಬಸ, ಅಂದರೆ ಸೀಮಂತ, ನಮ್ಮ ಮನೆಯಲ್ಲೇ ಇತ್ತು. ಆಕುರ್ಡಿಯಲ್ಲಿ ನಮ್ಮ ಬಳಗದ ಒಂಬತ್ತು ಜನರ ಒಂದು ಮನೆ ಇದೆ. ಅದರಲ್ಲಿ ಒಬ್ಬ ಕಾಕಾ. ಯಾವ ಮನೆಯ ಊಟಕ್ಕೆ ಹೋದರೂ ಸಾರಿಗೆ ಉಪ್ಪು ಕಡಿಮೆಯೆಂದು ಪಂಕ್ತಿಗೆಲ್ಲ ಕೇಳುವಂತೆ ಹೇಳುವವರು. ನನ್ನ ಹೆಂಡತಿ ಆ ಮನೆಯ ಪತ್ರಿಕೆಯಲ್ಲಿ ಸಹಕುಟುಂಬ ಎಂಬುದನ್ನು ಹೊಡೆದುಹಾಕಿ, ಚಂದದ ಅಕ್ಷರದಲ್ಲಿ ಎಂಟು ಹೆಸರು ಬರೆದು ಕಳಿಸಿದಳು.

ಕುಬಸದ ದಿನ ಎಲ್ಲರಿಗಿಂತ ಮೊದಲು ಕಾಕಾ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಗೊನೆ. ‘ಎಂಟು ಹೆಸರು ಬರಿಯೋದ್ರಾಗ ಹಾಳಿ ಮುಗದಿರಬೇಕು ಪಾಪ. ನಾನಽ ತಿಳಕೊಂಡು ಬಂದ್ನಿ’ ಎಂದರು.

ಆ ಮನೆಯಿಂದ ಬಂದವರು ಅವರೊಬ್ಬರೇ. ಹೆಸರು ಹಿಡಿದು ಎಣಿಸಿ ಕರೆದರೆಂದು ಉಳಿದ ಎಂಟೂ ಜನಕ್ಕೆ ಸಿಟ್ಟು ಬಂದಿತ್ತು. ಸಾರಿಗೆ ಉಪ್ಪು ನಿಜಕ್ಕೂ ಕಡಿಮೆ ಆಗಿತ್ತು.

ಪಕ್ಕದವರು

ಚಿಂಚವಾಡದಲ್ಲಿ ಕುಂದಾಪುರದ ಕಡೆಯವರ ಒಂದು ಹೋಟೆಲ್ ಇದೆ. ಒಂದು ಬೆಳಿಗ್ಗೆ, ಜನ ಇಡ್ಲಿಗೆ ನಿಂತಿರುವ ಹೊತ್ತಿನಲ್ಲೇ ಅವರ ನೆಟ್ ಹೋಯಿತು. ಕಾರಣ ನನ್ನ ಮರ. ಆ ರಸ್ತೆಯ ಎಂಟು ವಿಳಾಸಗಳು ಒಂದೇ ಕವಲಿನಲ್ಲಿದ್ದವು. ಅದರಲ್ಲೊಂದು ವಿಳಾಸದ ಕಂಪ್ಯೂಟರ್ ಊರಿಗೆಲ್ಲ ಲಾಟರಿ ಗೆದ್ದಿದ್ದೀರಿ ಎಂದು ಮೇಲ್ ಕಳಿಸುತ್ತಿತ್ತು. ಒಬ್ಬನಿಗಾಗಿ ನಾನು ಇಡೀ ಕವಲಿಗೇ ಗುರುತು ಹಾಕಿಬಿಟ್ಟಿದ್ದೆ.

ಹೋಟೆಲ್ ಮಾಲೀಕರು ಆಫೀಸಿಗೇ ಬಂದರು. ‘ಎಂತ ಮಾರಾಯ್ರೆ, ನಾನು ಎಂತ ಮಾಡಿದ್ದೇನೆ?’

‘ನೀವೇನೂ ಮಾಡಿಲ್ಲರಿ. ನಿಮ್ಮ ಪಕ್ಕದವರು ಮಾಡ್ಯಾರ.’

‘ಪಕ್ಕದವ ಪಾತ್ರೆ ತೊಳೆಯದಿದ್ದರೆ ನನ್ನ ಹೋಟೆಲಿಗೆ ಬೀಗ ಹಾಕುವುದಾ?’

ನ್ಯಾಯವಾದ ಮಾತು. ತಪ್ಪು ನನ್ನದೇ, ನಾಚಿಕೆಯೂ ಆಯಿತು. ಅವರೆದುರೇ ಅವರ ವಿಳಾಸ ಬಿಡಿಸಿದೆ. ಎಂಟಕ್ಕೆ ಇದ್ದ ಒಂದು ಗುರುತು ಉಳಿದ ಏಳಕ್ಕೆ ನಾಲ್ಕು, ಎರಡು, ಒಂದು ಎಂದು ಮೂರು ತುಂಡಾಯಿತು. ಉಳಿದ ಅಮಾಯಕರನ್ನೂ ಬಿಡಿಸಲು ಹೊರಟಿದ್ದೆ. ಅವರು ಪರದೆಯ ಹತ್ತಿರ ಬಗ್ಗಿದರು.

‘ಈ ನನ್ನ ಪಕ್ಕದ್ದು ಯಾರದ್ದು? ಎದುರಿನ ಹೊಸ ದೋಸೆಯಂಗಡಿಯದ್ದಾ?’

‘ಹೌದ್ರಿ. ಅವರದೂ ತಪ್ಪಿಲ್ಲ, ಈಗ ಬಿಡಸ್ತೀನಿ.’

ಅವರು ಕುರ್ಚಿ ಎಳೆದುಕೊಂಡು ಕೂತರು. ‘ಗಡಿಬಿಡಿ ಎಂತದೂ ಇಲ್ಲ. ನೀವು ಮೊದಲು ಚಾ ಕುಡಿಯಿರಿ. ಆಮೇಲೆ ಒಂದು ಊಟ ಮಾಡಿ. ಒಳ್ಳೆ ಮರ ಮಾಡಿದ್ದೀರಿ.’

ಕಾತ್ರಜ

ಮರ ಓಡುವ ಯಂತ್ರ ಇರುವುದು ಕಾತ್ರಜದಲ್ಲಿ, ನಾವಿರುವುದು ಊರಿನ ಈ ತುದಿಯ ನಿಗಡಿಯಲ್ಲಿ. ಕೆಲಸವೆಲ್ಲ ನೆಟ್ ಮೂಲಕವೇ. ಯಾವ ಕವಲಿಗೆ ಗುರುತು ಹಾಕಬೇಕು ಎನ್ನುವುದಕ್ಕೆ, ವಿಳಾಸದ ಮೊದಲ ಎಷ್ಟು ಅಂಕಿ ನೋಡಬೇಕೆಂದು ಬರೆಯಬೇಕು. ಪಿನ್‌ಕೋಡಿನ ಹಾಗೆ, ಅಂಕಿ ಕಡಿಮೆ ಆದಷ್ಟೂ ಪ್ರದೇಶ ದೊಡ್ಡದು. ಒಂದು ದಿನ ಹದಿನೆಂಟು ಎಂದು ಬರೆಯುವಲ್ಲಿ ಎಂಟು ಎಂದು ಬರೆದೆ. ಆ ಪ್ರದೇಶದಲ್ಲಿ ನಮ್ಮ ಆಫೀಸೂ ಬಂತು. ನನ್ನನ್ನು ನಾನೇ ಬಂದ್ ಮಾಡಿಕೊಂಡಿದ್ದೆ.

ಎರಡು ಬಸ್ಸು ಬದಲಿಸಿ ಕಾತ್ರಜಕ್ಕೆ ಹೋದೆ. ಬಾಗಿಲಲ್ಲಿ ಗಾರ್ಡ್ ಪಾಸ್ ಕೇಳಿದ.

‘ಪಾಸ್ ನಿಮ್ಮ ಆಫೀಸಿನಿಂದ ಆನ್‌ಲೈನ್ ಬರಬೇಕು ಸಾಹೇಬ್.’

‘ಆಫೀಸಿನ ನೆಟ್ ಬಂದ್ ಆಗಿದೆ.’

‘ಹಾಗಾದರೆ ಮೊದಲು ಅದನ್ನು ಸರಿ ಮಾಡಿಸಿಕೊಳ್ಳಿ.’

‘ಅದಕ್ಕೇ ಒಳಗೆ ಹೋಗಬೇಕು.’

‘ಒಳಗೆ ಹೋಗಲು ಪಾಸ್ ಬೇಕು.’

ಹೀಗೆ ಒಂದು ಗಂಟೆ ಕಳೆಯಿತು. ಕೊನೆಗೆ ಗಾರ್ಡಿಗೇ ಬೇಜಾರಾಗಿ, ತನ್ನ ಮೊಬೈಲಿನ ನೆಟ್ ಕೊಟ್ಟು, ಮ್ಯಾನೇಜರ ಸ್ವಂತ ಮೊಬೈಲಿನಿಂದ ಪಾಸ್ ತರಿಸಿದ. ಅದು ಬೇರೆ ಕಂಪನಿಯ ನೆಟ್. ‘ಇದು ಯಾವತ್ತೂ ಹೋಗೋದಿಲ್ಲ ಸಾಹೇಬ್, ನೀವೂ ಇದನ್ನೇ ತಗೊಳ್ಳಿ’ ಎಂದ.

ಮರುದಿನ ನನ್ನ ಮೇಜಿನ ಮೇಲೆ ಮ್ಯಾನೇಜರರ ಕೈಬರಹದ ಪಾಟಿ, ಅಂದರೆ ಸೂಚನೆಯ ಬೋರ್ಡು, ಅಂಟಿಸಿತ್ತು. ಪುಣೆಯವರಿಗೆ ಸಿಟ್ಟು ಬಂದರೆ ಬೈಯುವುದಿಲ್ಲ, ಬೋರ್ಡು ಬರೆಯುತ್ತಾರೆ. ಕನ್ನಡದಲ್ಲಿ ಅದರ ಅರ್ಥ: ‘ತನ್ನನ್ನು ತಾನು ಬಂದ್ ಮಾಡಿಕೊಳ್ಳಬಾರದು. ಮಾಡಿಕೊಂಡವರು ಕಾತ್ರಜಕ್ಕೆ ನಡೆದುಕೊಂಡು ಹೋಗಬೇಕು. ಪಾದರಕ್ಷೆಗೆ ಕಂಪನಿ ಜವಾಬ್ದಾರಿಯಲ್ಲ.’

ಇಡೀ ಲೋಕಕ್ಕೆ ಒಂದೇ ಗುರುತು

ಅಂಕಿ ಕಡಿಮೆ ಮಾಡುತ್ತ ಹೋಗಿ ಯಾರಾದರೂ ಸೊನ್ನೆ ಎಂದು ಬರೆದರೆ, ಗುರುತು ಮರದ ಬುಡಕ್ಕೇ ಬೀಳುತ್ತದೆ. ಆಗ ಇಡೀ ಲೋಕ ಬಂದ್. ಅದಕ್ಕೇ ಸೊನ್ನೆ ಬರೆದರೆ ಮರ ಒಪ್ಪಿಕೊಳ್ಳಬಾರದೆಂದು ಒಂದು ಕಾವಲು ಹಾಕಿದೆ. ಮಾಲೀಕರು ಬರುವ ದಿನ ಅದನ್ನೇ ಮೊದಲು ತೋರಿಸಬೇಕೆಂದುಕೊಂಡೆ.

ಗಣಪತಿಗೆ ಎರಡು ದಿನ ಇರುವಾಗ ಅವರು ಬಂದರು. ಪಿಂಪ್ರಿಯಲ್ಲಿ ಮನೆಮನೆಗೆ ಕೇಬಲ್ ಟಿವಿ ತಂತಿ ಎಳೆದು ಮೇಲೆ ಬಂದ ಹಿರಿಯರು. ಅವರೆದುರು ಎಲ್ಲರ ಮೊಬೈಲ್ ಬಂದ್ ಇರಬೇಕೆಂಬುದು ಕಟ್ಟಳೆ. ಮೈಸೂರಿನ ನನ್ನ ಜೊತೆಗಾರ ಕೀಲಿಮಣೆ ಹಿಡಿದು ಕೂತ, ನಾನು ವಿವರಿಸಿದೆ. ಸೊನ್ನೆ ಬರೆಸಿದೆ. ಮರ ಕೆಂಪು ಅಕ್ಷರದಲ್ಲಿ ಆಗುವುದಿಲ್ಲ ಎಂದಿತು. ಮಾಲೀಕರು ತಲೆದೂಗಿದರು.

‘ಅರ್ಧ ಲೋಕ ಬಂದ್ ಮಾಡಬಹುದೋ?’

‘ಅದು ಮಾಡಬಹುದು ಸರ್. ಇದು ಅಭ್ಯಾಸದ ಯಂತ್ರ, ಹೆದರಿಕೆಯಿಲ್ಲ.’ ಎಡಗವಲಿಗೆ ಗುರುತು ಹಾಕಿಸಿದೆ.

‘ಇನ್ನರ್ಧ?’

ಬಲಗವಲಿಗೂ ಹಾಕಿಸಿದೆ. ಎರಡಕ್ಕೂ ಬರೆಸಿದ ಅಂಕಿ ಒಂದು, ಸೊನ್ನೆಯಲ್ಲ; ಕಾವಲು ತಕರಾರು ಮಾಡಲಿಲ್ಲ. ಒಂದೇ ಕಡೆ ಹುಟ್ಟಿದ ಎರಡು ಕವಲು. ನಾನು ಕಲಿಸಿಕೊಟ್ಟಂತೆ ಮರ ಅವೆರಡನ್ನೂ ಅಳಿಸಿ, ಬುಡಕ್ಕೆ ಒಂದು ಗುರುತು ಹಾಕಿಕೊಂಡಿತು. ಪರದೆಯ ಮೇಲೆ ಒಂದೇ ಒಂದು ಚುಕ್ಕೆ ಉಳಿಯಿತು.

‘ಇಡೀ ಲೋಕಕ್ಕೆ ಒಂದೇ ಗುರುತು ಸರ್’ ಎಂದೆ, ಎದೆಯುಬ್ಬಿಸಿ.

ಪರದೆ ಅಲ್ಲಾಡದೆ ನಿಂತಿತು. ಜೊತೆಗಾರ ನನ್ನ ಕಿವಿಯ ಹತ್ತಿರ ಬಗ್ಗಿದ. ‘ಸರ್, ಇದು ಪ್ರಾಕ್ಟೀಸ್ ವಿಂಡೋ ಅಲ್ಲ ಅನ್ಸುತ್ತೆ. ಲೈವ್ ಓಪನ್ ಆಗ್ಬಿಟ್ಟಿದೆ.’

ನಿಜವಾದ ಮರದ ಬುಡಕ್ಕೇ ಗುರುತು ಬಿದ್ದಿತ್ತು, ನಮ್ಮ ಗಿರಾಕಿಗಳ ನೆಟ್ಟೆಲ್ಲ ಬಂದ್. ‘ಆವತ್ತು ಮಾಡಿಸಿಟ್ಟ ಖಾಯಂ ಪಾಸ್ ಹಿಡಕೊಂಡು ಸ್ಕೂಟರ್ ಮ್ಯಾಲ ಕಾತ್ರಜಕ್ಕ ಹೋಗು, ನಗಕೋತ ಹೋಗು’ ಎಂದೆ. ಅವನು ನಗುತ್ತ ಹೋದ.

ಅವನು ಮುಟ್ಟುವವರೆಗೆ ಮಾಲೀಕರನ್ನು ಹೇಗಾದರೂ ಹಿಡಿದಿಡಬೇಕಿತ್ತು. ಆದರೆ ಅವರು ಎದ್ದು ಸೀದಾ ದೂರಿನ ಕೋಣೆಗೆ ನಡೆದರು. ಹೆಡ್‌ಫೋನ್ ಹಾಕಿಕೊಳ್ಳಲು ಮನಸ್ಸು ಗಟ್ಟಿ ಮಾಡಿಕೊಂಡು ನಾನೂ ಹಿಂದೆ ಹೋದೆ.

ಕೋಣೆ ಶಾಂತವಾಗಿತ್ತು. ಆರು ಜನ ಕೂತು, ಈ ಸಲ ಮೋದಕಕ್ಕೆ ತೆಂಗು ಎಲ್ಲಿಂದ ತರುವುದೆಂದು ಮಾತಾಡುತ್ತಿದ್ದರು. ಕಾಯುತ್ತಿರುವ ದೂರುಗಳ ಬೋರ್ಡಿನಲ್ಲಿ ದೊಡ್ಡ ಸೊನ್ನೆ ಇತ್ತು. ದೂರಿನ ಫೋನುಗಳು ನಡೆಯುವುದೂ ನಮ್ಮದೇ ನೆಟ್ಟಿನ ಮೇಲೆ. ಊರಿನ ಗಿರಾಕಿಗಳೆಲ್ಲ ಬೈಯುತ್ತಿದ್ದರು, ಬೈದದ್ದು ನಮ್ಮವರೆಗೆ ಬರುವ ದಾರಿಯೇ ಇರಲಿಲ್ಲ.

ಮಾಲೀಕರು ಬೋರ್ಡಿನ ಮುಂದೆ ನಿಂತರು. ‘ಕಂಪನಿ ಶುರುವಾದಾಗಿನಿಂದ ಈ ಸೊನ್ನೆ ನಾನು ನೋಡಿರಲಿಲ್ಲ’ ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮ್ಯಾನೇಜರ್ ನನ್ನ ಮುಖ ನೋಡಿದರು. ಅವರಿಗೆ ಎಲ್ಲ ಅರ್ಥವಾಗಿತ್ತು. ‘ಎಲ್ಲ ಮರದ ಪರಿಣಾಮ ಸರ್’ ಎಂದರು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಮರ ಖಾಯಂ ಎಂದು ಅಲ್ಲೇ ನಿಂತು ಹೇಳಿ, ಚಾ ತರಿಸಿ ಒಂದು ಗಂಟೆ ಕೇಬಲ್ ಕಾಲದ ಕಥೆ ಹೇಳಿ ಮಾಲೀಕರು ಕಾರು ಹತ್ತಿದರು. ನಾನು ಉಳಿದೆನೆಂದು ಗೋಡೆಗೆ ಒರಗಿದೆ. ಅಷ್ಟರಲ್ಲಿ ಕಾತ್ರಜದಲ್ಲಿ ನನ್ನ ಜೊತೆಗಾರ ಗುರುತು ತೆಗೆದಿರಬೇಕು, ಆರೂ ಫೋನು ಒಟ್ಟಿಗೆ ಬಡಿದುಕೊಂಡವು. ಖಾಲಿ ಇದ್ದ ಏಳನೆಯದೂ ಬಡಿದುಕೊಂಡಿತು. ಖುಷಿಯಲ್ಲಿದ್ದ ನಾನೇ ಹೆಡ್‌ಫೋನ್ ಏರಿಸಿ ಎತ್ತಿದೆ.

ಆ ಕಡೆ ಮಾಲೀಕರ ಹೆಂಡತಿ. ಒಂದು ಗಂಟೆಯಿಂದ ಮನೆಯಲ್ಲಿ ನೆಟ್ ಇಲ್ಲ, ಯಾರೂ ಫೋನೂ ಎತ್ತುವುದಿಲ್ಲ ಎಂದರು. ನಾನು ಅತ್ಯಂತ ವಿನಯದಿಂದ, ಬಾಯಿಸಾಹೇಬ್, ನೆಟ್ಟಿನ ಪೆಟ್ಟಿಗೆ ಬಂದ್ ಮಾಡಿ ಹತ್ತು ಎಣಿಸಿ ಚಾಲೂ ಮಾಡಿ ಎಂದೆ. ಅವರು ನಿಧಾನವಾಗಿ ಹತ್ತು ಎಣಿಸಿದರು. ನೆಟ್ ಬಂತು.

ಮರುದಿನ ಮಾಲೀಕರಿಂದ ಪತ್ರ ಬಂತು. ಮರ ತನ್ನಷ್ಟಕ್ಕೆ ತಾನೇ ಚೆನ್ನಾಗಿ ನಡೆಯುತ್ತಿರುವುದರಿಂದ ಅದಕ್ಕೆ ಪ್ರತ್ಯೇಕ ಮನುಷ್ಯ ಬೇಕಾಗಿಲ್ಲ, ಮತ್ತು ಬೇರೆ ಯಾರಿಂದಲೂ ಆಗದ್ದನ್ನು ಒಂದೇ ನಿಮಿಷದಲ್ಲಿ ಸರಿಮಾಡುವ ಇಂಥವರನ್ನು ಇನ್ನು ಮುಂದೆ ಫೋನಿನ ಹತ್ತಿರದಿಂದ ಏಳಿಸಬಾರದೆಂದು ನಮ್ಮ ಮನೆಯವರ ಅಪ್ಪಣೆಯಾಗಿದೆ ಎಂದು ಅದರಲ್ಲಿ ಬರೆದಿತ್ತು.