ಚಟ್ನಿಯ ಬೆಲೆ ಬಹಿರಂಗವಾದ ಪ್ರಸಂಗ

ವ್ಯಾಪಾರದಲ್ಲಿ ಸತ್ಯವನ್ನು ಸ್ಥಾಪಿಸಲು ದೇವರು ನನ್ನನ್ನೇ ಆರಿಸಿದ್ದಾನೆಂದು ನನಗೆ ಹೊಳೆದದ್ದು ಅಹಮದಾಬಾದಿನ ಕಾಲುಪುರ ಮಂಡಿಯಲ್ಲಿ, ತೆಂಗಿನಕಾಯಿ ರಾಶಿಯ ಮುಂದೆ. ಅದು ಅರವತ್ತರ ದಶಕ. ಆ ಊರಿನಲ್ಲೇ ನನ್ನದೊಂದು ಪುಟ್ಟ ಉಡುಪಿ ಹೋಟೆಲು, ಎದುರಿಗೆ ಬಟ್ಟೆ ಗಿರಣಿಯ ಆಫೀಸು. ಅಲ್ಲಿನ ಗುಮಾಸ್ತರು ಮಧ್ಯಾಹ್ನ ದೋಸೆಗೆ ಬಂದರೆ ನಮ್ಮ ಮನೆಯ ಒಲೆ ಉರಿಯುತ್ತದೆ. ಕಡಲೆಹಿಟ್ಟಿನ ಕುರುಕಲು ಕರಿಯುವ ಪಕ್ಕದ ಗಾಂಠಿಯಾ ಅಂಗಡಿಗೆ ನುಗ್ಗಿದರೆ ನಾವು ಗಂಟುಮೂಟೆ ಕಟ್ಟಿಕೊಂಡು ಕುಂದಾಪುರಕ್ಕೆ ಹೊರಡಬೇಕು!

ಕಾಯಿ ಮಾರುವ ಮಗನ್‌ಭಾಯಿ ದರವನ್ನು ಎಂದೂ ಜೋರಾಗಿ ಹೇಳಿದವನಲ್ಲ. ಕಿವಿಯ ಹತ್ತಿರ ಬಾಯಿ ತಂದು, “ನಿಮಗೆ ಮಾತ್ರ ಭಾಯ್, ಸ್ಪೆಷಲ್ ರೇಟು” ಎನ್ನುತ್ತಿದ್ದ. ಒಂದು ದಿನ ಬೇರೆ ಉಡುಪಿ ಹೋಟೆಲಿನವರನ್ನು ವಿಚಾರಿಸಿದೆ. ಎಲ್ಲರೂ ಸ್ಪೆಷಲ್! ದರ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಅತಿ ದುಬಾರಿ ಸ್ಪೆಷಲ್ ನಾನೇ ಆಗಿದ್ದೆ.

ಸಿಟ್ಟು ನೆತ್ತಿಗೇರಿತು! ಮಂಡಿಯ ನಟ್ಟನಡುವೆ ನಿಂತು ಗುಡುಗಿದೆ.

“ಶೇಠ್, ಬೋರ್ಡು ಹಾಕಿ! ಎಲ್ಲರಿಗೂ ಒಂದೇ ದರ! ಕೊಳ್ಳುವವನಿಗೆ ತಿಳಿಯುವ ಹಕ್ಕುಂಟು!”

ಮಗನ್‌ಭಾಯಿ ಕೈಮುಗಿದ. “ಹಾಕೋಣ ಭಾಯ್. ನಿಮ್ಮ ಹೋಟೆಲಿನಲ್ಲೂ ಹಾಕುತ್ತೀರಲ್ಲ? ಅಲ್ಲೂ ಕೊಳ್ಳುವವರಿದ್ದಾರೆ.”

“ಖಂಡಿತ!” ಎಂದುಬಿಟ್ಟೆ. ಯೋಚಿಸಿ ಮಾತಾಡುವ ಅಭ್ಯಾಸ ನಮ್ಮ ವಂಶದಲ್ಲೇ ಇಲ್ಲ.

ಅಂದೇ ಸಂಜೆ ಹೋಟೆಲಿನ ಗೋಡೆಗೆ ಕರಿಹಲಗೆ ಏರಿತು. ಒಂದು ದೋಸೆಗೆ ಅಕ್ಕಿ ಎಷ್ಟರದ್ದು, ಉದ್ದು ಎಷ್ಟರದ್ದು, ಚಟ್ನಿಯ ಕಾಯಿ, ಇದ್ದಲು, ರುಬ್ಬುವ ಕೂಲಿ, ಎಲ್ಲವನ್ನೂ ದುಂಡಗೆ ಬರೆದೆ. ಕೊನೆಗೆ ನನ್ನ ಲಾಭ. ಅದನ್ನೂ ಬರೆದೆ!

ಹೆಂಡತಿ ಪದ್ಮಾವತಿ ಅಡುಗೆಮನೆಯಿಂದ ಇಣುಕಿದಳು. “ಎಂತದು ಮಾರಾಯ್ರೆ ಇದು? ಮನೆ ಗುಟ್ಟನ್ನು ಗೋಡೆಗೆ ಬರೆಯುದಾ?”

“ನಿನಗೆ ಅರ್ಥ ಆಗ್ಲಿಕ್ಕಿಲ್ಲ. ಇದು ಕ್ರಾಂತಿ!”

“ಆಯ್ತು. ನಾಳೆ ಗೊತ್ತಾಗ್ತದೆ.”

ಗೊತ್ತಾಯಿತು. ಮರುದಿನ ಗಿರಣಿಯ ಲೆಕ್ಕಿಗ ಕಾಂತಿಭಾಯಿ ದೋಸೆಗೂ ಮುಂಚೆ ಬೋರ್ಡನ್ನು ಅರೆದು ಕುಡಿದ. “ನನಗೆ ಚಟ್ನಿ ಬೇಡ. ಕಾಯಿಯ ದುಡ್ಡು ಕಳೆಯಿರಿ.” ಕಳೆದೆ. ಅವನ ಪಕ್ಕದವನು, “ದೋಸೆ ಮೆತ್ತಗಿದ್ದರೆ ಸಾಕು, ಇದ್ದಲಿನಲ್ಲಿ ಅರ್ಧ ಕಳೆಯಿರಿ” ಎಂದ. ಇನ್ನೊಬ್ಬ ಮಾರನೆಯ ದಿನ ಮನೆಯಿಂದಲೇ ತೆಂಗಿನಕಾಯಿ ತಂದ! ಅಡುಗೆಯ ಭಟ್ಟ ಲಾಭದ ಸಾಲನ್ನು ಎರಡು ಸಲ ಓದಿ, ಸೌಟು ಕೆಳಗಿಟ್ಟು, ಸಂಬಳದ ಮಾತೆತ್ತಿದ.

ಅಷ್ಟರಲ್ಲಿ ಕಾಂತಿಭಾಯಿ ಬೋರ್ಡಿಗೆ ಬೆರಳಿಟ್ಟ. “ಈ ರುಬ್ಬುವ ಕೂಲಿ ಯಾರಿಗೆ?”

“ನನ್ನ ಹೆಂಡತಿಗೆ.”

“ನಿಜವಾಗಿ ಕೊಡುತ್ತೀರಾ?”

ಒಳಗೆ ರುಬ್ಬುವ ಕಲ್ಲಿನ ಸದ್ದು ನಿಂತಿತು! ಪದ್ಮಾವತಿ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. “ಹೇಳಿ. ನಾನೂ ಕೇಳ್ತೇನೆ.”

ಸತ್ಯವ್ರತಿಯಾದ ನಾನು ಇನ್ನೇನು ಹೇಳಲಿ? “ಇಲ್ಲ” ಎಂದೆ.

“ಹಾಗಾದರೆ ಅದನ್ನೂ ಕಳೆಯಿರಿ!” ಎಂದ ಕಾಂತಿಭಾಯಿ.

“ಕಳೀರಿ. ಒಟ್ಟಿಗೆ ನನ್ನನ್ನೂ ಕಳೀರಿ” ಎಂದಳು ಪದ್ಮಾವತಿ. “ನಾಳೆಯಿಂದ ದುಡ್ಡಿನ ಗಲ್ಲೆಯಲ್ಲಿ ನಾನು ಕೂತ್ಕೊಳ್ತೇನೆ. ಕಡೆಯುವ ಕಲ್ಲಿನ ಎದುರು ನೀವು!”

ಮರುದಿನ ನಾನು ರುಬ್ಬಿದೆ. ರಟ್ಟೆ ಬಿದ್ದುಹೋಯಿತು, ಕಾಯಿ ಮಾತ್ರ ನುಣ್ಣಗಾಗಲಿಲ್ಲ. ಉಪ್ಪು ಹಾಕಿದೆನೋ ಇಲ್ಲವೋ ಎಂಬ ಅನುಮಾನದಲ್ಲಿ ಇನ್ನೊಮ್ಮೆ ಹಾಕಿದೆ. ಗುಮಾಸ್ತರು ಒಂದೊಂದು ತುತ್ತು ಬಾಯಿಗಿಟ್ಟು ಮುಖ ಮುಖ ನೋಡಿಕೊಂಡರು. ಇಬ್ಬರು ಎದ್ದು ಗಾಂಠಿಯಾ ಅಂಗಡಿಯ ಕಡೆ ಹೊರಟೇಬಿಟ್ಟರು! ಮುಗಿಯಿತು ಹೋಟೆಲು, ಕಟ್ಟಬೇಕು ಗಂಟು!

ಪದ್ಮಾವತಿ ಗಲ್ಲೆಯಿಂದ ಎದ್ದು ಬೋರ್ಡನ್ನು ಪೂರ್ತಿ ಒರೆಸಿದಳು. “ಕೇಳಿ ಭಾಯ್. ನಾಳೆಯಿಂದ ಚಟ್ನಿ ನನ್ನದು. ಹಳೇ ದರದ ಮೇಲೆ ಸ್ವಲ್ಪ ಜಾಸ್ತಿ ಆಗ್ತದೆ. ಆ ಜಾಸ್ತಿ ನನ್ನ ಕೂಲಿ. ಬೇಡದಿದ್ರೆ ಇವರೇ ಕಡೀತಾರೆ.”

“ಬೇಡ ಬೇಡ! ಮಂಜೂರ್!” ಎಂದು ಕಾಂತಿಭಾಯಿ ಕೂಗಿದ. ಹೊರಟಿದ್ದ ಇಬ್ಬರೂ ಬಾಗಿಲಿನಿಂದಲೇ ವಾಪಸು ಬಂದರು. ಒಬ್ಬನೂ ಚೌಕಾಸಿ ಮಾಡಲಿಲ್ಲ!

ಅಹಮದಾಬಾದಿನ ಲೆಕ್ಕಿಗರು ಬಾಯಿಮುಚ್ಚಿಕೊಂಡು ಹೆಚ್ಚು ದುಡ್ಡು ಕೊಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅದೂ ನನ್ನ ಕೈಯಿಂದ ಪಾರಾಗಲಿಕ್ಕೆ!